ಪ್ರಾಣಿಸಂಗ್ರಹಾಲಯ ಎಂಬ ಏಳು ಅಕ್ಷರ

ಮೊಮ್ಮಕ್ಕಳು ‘ಜೂ’ ಅನ್ನುತ್ತಾರೆ. ಒಂದೇ ಅಕ್ಷರ, ತುಟಿ ಮುಂದೆ ಮಾಡುವಷ್ಟರಲ್ಲಿ ಮುಗಿದುಹೋಗುತ್ತದೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅದೇ ಅರ್ಥದ ಇನ್ನೊಂದು ಮಾತಿನ ಜತೆ ನಾನು ಒಂದು ಇಡೀ ಬೇಸಗೆ ಗುದ್ದಾಡಿದ್ದೇನೆ. ಪ್ರಾಣಿಸಂಗ್ರಹಾಲಯ. ಏಳು ಅಕ್ಷರ, ಅದರಲ್ಲಿ ಎರಡಕ್ಕೆ ಒತ್ತು, ಒಂದಕ್ಕೆ ಸೊನ್ನೆ. ನಮ್ಮ ಪಾಟಿಯ, ಅಂದರೆ ಸ್ಲೇಟಿನ, ಒಂದು ಸಾಲಿನಲ್ಲಿ ಅದು ಹಿಡಿಸುತ್ತಿರಲಿಲ್ಲ. ಅರ್ಧ ಮೇಲೆ, ಅರ್ಧ ಕೆಳಗೆ ಬರೆಯಬೇಕಾಗುತ್ತಿತ್ತು.

ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಜಮಖಂಡಿ, ಮುಧೋಳದ ಸಂಸ್ಥಾನಗಳು ಹೋಗಿ ಕೆಲವು ವರ್ಷಗಳಾಗಿದ್ದವು. ನಮ್ಮೂರು ಬನಹಟ್ಟಿಯಿಂದ ಚಿಮ್ಮಡಕ್ಕೆ ಹೋಗುವ ಕಡೆ, ದೊಡ್ಡ ಹಾದಿ ಬಿಟ್ಟು ಒಳಗೆ. ನಾವು ಬೀರಪ್ಪನ ಒಕ್ಕಲು; ಕುರಿ, ಕಂಬಳಿ, ಒಂದಿಷ್ಟು ಜೋಳದ ಹೊಲ. ನಮ್ಮ ಓಣಿಯಲ್ಲಿ ಮುಲ್ಕಿ ಪಾಸಾದ ಮೊದಲ ಹುಡುಗಿ ನಾನೇ. ಮುಲ್ಕಿ ಅಂದರೆ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆ. ಅದಾದ ಮೇಲೆ ಟ್ರೇನಿಂಗ್ ಮುಗಿಸಿದವರಿಗೆ ಶಾಲೆಯಲ್ಲಿ ಕಲಿಸುವ ನೌಕರಿ ಸಿಗುತ್ತಿತ್ತು. ನನಗೆ ಆ ನೌಕರಿ ಬೇಕಾಗಿತ್ತು. ಸುಮ್ಮನೆ ಬೇಕಾಗಿತ್ತು ಅಂದರೆ ಸಾಲದು, ರಾತ್ರಿ ಹಗಲು ಅದೊಂದೇ ಧ್ಯಾನವಾಗಿತ್ತು. ಸಿಟ್ಟು, ಹಟ ಎರಡೂ ಮೂಗಿನ ತುದಿಯಲ್ಲೇ ಇಟ್ಟುಕೊಂಡು ಹುಟ್ಟಿದವಳು ಎಂದು ಅವ್ವ ನನ್ನನ್ನು ಬೈಯುತ್ತಿದ್ದಳು. ಸುಳ್ಳೇನೂ ಅಲ್ಲ.

ಆ ವರ್ಷ ಸರಕಾರ ದೊಡ್ಡ ಹೆಂಗಸರಿಗೆ ಅಕ್ಷರ ಕಲಿಸುವ ವರ್ಗವೊಂದನ್ನು ನಮ್ಮೂರಿಗೆ ಕೊಟ್ಟಿತು. ಶಾಲೆಯ ಹೆಡ್ ಮಾಸ್ತರರು ಅದನ್ನು ನನಗೆ ವಹಿಸಿದರು. ಷರತ್ತು ಹೀಗಿತ್ತು: ಯುಗಾದಿ ಆದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ. ಹತ್ತು ಹೆಂಗಸರು ಪಾಸಾದರೆ ವರ್ಗ ಮುಂದುವರಿಯುತ್ತದೆ, ನನ್ನ ಹೆಸರು ಟ್ರೇನಿಂಗಿನ ಪಟ್ಟಿಗೆ ಹೋಗುತ್ತದೆ. ಒಬ್ಬಳು ಕಡಿಮೆಯಾದರೂ ಎರಡೂ ಇಲ್ಲ. ಊರೆಲ್ಲ ತಿರುಗಿ, ಕಾಲು ಹಿಡಿದು, ಜಗಳಾಡಿ ನಾನು ಕೂಡಿಸಿದ್ದೇ ಹತ್ತು ಜನರನ್ನು.

ಸುಗ್ಗಿ ಮುಗಿದಿತ್ತು. ಪ್ರತಿ ವರ್ಷದಂತೆ ಅಪ್ಪ ಕುರಿ ಹೊಡೆದುಕೊಂಡು ಬೀಳಗಿಯ ಕಡೆ, ಕೃಷ್ಣೆಯ ದಂಡೆಯ ಹೊಲಗಳಿಗೆ ಹೊರಟ. ಜತೆಗೆ ನಮ್ಮ ದೊಡ್ಡವ್ವನ ಮಗ. ದೊಡ್ಡವ್ವ ಎಂದರೆ ತೀರಿಕೊಂಡ ನಮ್ಮ ದೊಡ್ಡಪ್ಪನ ಹೆಂಡತಿ. ಅವಳೂ ಅವಳ ಒಬ್ಬನೇ ಮಗನೂ ನಮ್ಮ ಮನೆಯಲ್ಲೇ ಇದ್ದರು.

“ಮಳಿಗಿಂತ ಮೊದಲ ತಿರಗಿ ಬರತೀವಿ” ಎಂದು ಅಪ್ಪ ಹೇಳಿದ. “ಅಷ್ಟೊತ್ತಿಗೆ ನಿಂದು ಒಂದು ದಡಕ್ಕ ಹತ್ತಿರಬೇಕು ನೋಡು. ಇಲ್ಲಂದ್ರ ಸುಮ್ನ ಉಣ್ಣಿ ನೂಲಕೋತ ಕುಂಡ್ರು, ಮತ್ತ ಸಾಲಿ ಹೆಸರ ತಗೀಬ್ಯಾಡ.”

ವರ್ಗ ನಡೆಯುತ್ತಿದ್ದುದು ಬೀರಪ್ಪನ ಗುಡಿಯ ಪೌಳಿಯಲ್ಲಿ, ಮಧ್ಯಾಹ್ನದ ಊಟ ಆದ ಮೇಲೆ. ಹೆಂಗಸರು ಬರುವಾಗ ಉಣ್ಣೆಯನ್ನೂ ತರುತ್ತಿದ್ದರು. ಕೈ ನೂಲುತ್ತಿತ್ತು, ಬಾಯಿ ಅ ಆ ಇ ಈ ಅನ್ನುತ್ತಿತ್ತು. ಎಲ್ಲರಿಗಿಂತ ಬೇಗ ಕಲಿತವಳು ದೊಡ್ಡವ್ವ. ಐವತ್ತರ ಹತ್ತಿರದ ಹೆಂಗಸು, ಒಂದು ಅಕ್ಷರ ತಪ್ಪಿದರೆ ತನ್ನ ಕೈಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ನನ್ನ ಹಟ ಯಾರ ಕೈಯಲ್ಲಿ ಬೆಳೆಯಿತು ಅಂತ ಅವಳನ್ನು ನೋಡಿದರೆ ತಿಳಿಯುತ್ತಿತ್ತು.

ನಮ್ಮ ಪುಸ್ತಕದ ಕೊನೆಯ ಪಾಠ ಈ ಏಳು ಅಕ್ಷರದ್ದು. ಮೇಲೆ ಒಂದು ಚಿತ್ರ: ಕಂಬಿಗಳ ಹಿಂದೆ ಹುಲಿ, ಸಿಂಹ, ತೋಳ, ಮುಂದೆ ಟೊಪ್ಪಿಗೆ ಹಾಕಿಕೊಂಡ ಮನುಷ್ಯ, ಅವನ ಹೆಂಡತಿ, ಮಕ್ಕಳು. ಕೆಳಗೆ ಹೀಗಿತ್ತು: ‘ಇದು ಪ್ರಾಣಿಸಂಗ್ರಹಾಲಯ. ಇಲ್ಲಿ ಹುಲಿ ಇದೆ. ಇಲ್ಲಿ ಸಿಂಹ ಇದೆ. ಇಲ್ಲಿ ತೋಳ ಇದೆ. ಪ್ರಾಣಿಗಳಿಗೆ ಹೊತ್ತಿಗೆ ಸರಿಯಾಗಿ ಆಹಾರ ಕೊಡುತ್ತಾರೆ. ಜನರು ನೋಡಿ ಸಂತೋಷಪಡುತ್ತಾರೆ.’ ಪರೀಕ್ಷೆಯಲ್ಲಿ ಓದುವುದರ ಜತೆಗೆ ಕಠಿಣ ಶಬ್ದದ ಅರ್ಥವನ್ನೂ ಕೇಳುತ್ತಾರೆಂದು ಹೆಡ್ ಮಾಸ್ತರರು ಒಂದು ಚೀಟಿ ಬರೆದುಕೊಟ್ಟಿದ್ದರು: ‘ಪ್ರಾಣಿಸಂಗ್ರಹಾಲಯ, ಮೃಗಾಲಯ: ಪ್ರದರ್ಶನಕ್ಕಾಗಿ ಪ್ರಾಣಿಗಳನ್ನು ಇಡುವ ಸ್ಥಳ.’ ಇದನ್ನು ಬಾಯಿಪಾಠ ಮಾಡಿಸು, ಮುಗೀತು ಅಂದಿದ್ದರು.

ಅವರು ನಮ್ಮ ಹೆಂಗಸರನ್ನು ಬಲ್ಲವರಲ್ಲ. ಇಡೀ ಜನ್ಮ ಪ್ರಾಣಿಗಳ ಹಿಂದೆಯೇ ಕಳೆದವರಿಗೆ ಪ್ರಾಣಿ ಇಡುವ ಜಾಗದ ಅರ್ಥವನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ನುಂಗುತ್ತಾರೆಯೆ? ಸಂಗ್ರಹ ಅಂದರೆ ಕೂಡಿಸಿ ಇಡುವುದು, ಆಲಯ ಅಂದರೆ ಮನೆ ಎಂದು ನಾನು ಬಿಡಿಸಿ ಹೇಳಿದೆ.

“ಹಂಗಾದ್ರ ಕೊಂಡವಾಡ ಅನ್ನು” ಎಂದಳು ಒಬ್ಬಳು. ಬಿಡಾಡಿ ದನ ಹಿಡಿದು ಕೂಡುವ ಸರಕಾರಿ ಹಟ್ಟಿಗೆ ನಮ್ಮಲ್ಲಿ ಕೊಂಡವಾಡ ಅನ್ನುತ್ತಾರೆ.

“ಕೊಂಡವಾಡದಾಗಿಂದು ಬಿಡಿಸಿಕೊಂಡು ಬರಬೋದಲ್ಲ. ಇದನ್ನ ಯಾರು ಬಿಡಿಸ್ತಾರ?” ಎಂದಳು ಇನ್ನೊಬ್ಬಳು. “ಪಿಂಜರಾಪೋಳ ಇರಬೇಕು. ವಯಸ್ಸಾದ ಆಕಳ ಇಡತಾರಲ್ಲ, ಅಂಥಾದ್ದು.”

ಮುಧೋಳದಿಂದ ಮದುವೆಯಾಗಿ ಬಂದವಳು ಸಂಸ್ಥಾನದ ಬೇಟೆನಾಯಿಗಳ ಮನೆಯನ್ನು ನೆನೆದಳು. ಆ ನಾಯಿಗಳಿಗಾದರೆ ಬೇಟೆಯ ಕೆಲಸವಿತ್ತು. ಇಲ್ಲಿ ಹುಲಿಗೆ ಏನು ಕೆಲಸ ಎಂದು ಅವಳೇ ಮತ್ತೆ ಕೇಳಿದಳು. ಮೃಗಾಲಯ ಎಂದರೆ ಮಿರಗ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಏನಾದರೂ ಸಂಬಂಧವೋ ಎಂದಳು ಒಬ್ಬಳು. ಹಿಂದಿಯಲ್ಲಿ ಇದನ್ನು ಚಿಡಿಯಾಘರ್, ಅಂದರೆ ಹಕ್ಕಿಮನೆ ಅನ್ನುತ್ತಾರೆಂದು ನಾನು ಜಾಣತನ ತೋರಿಸಿದೆ. ಎಲ್ಲರೂ ನೂಲುವುದು ಬಿಟ್ಟು ನಕ್ಕರು.

“ಹಕ್ಕಿ ಮನ್ಯಾಗ ಹುಲಿ ಯಾಕ ಕೂಡಿದ್ರಬೇ? ಹಕ್ಕಿ ಎಲ್ಲಿ ಹೋದ್ವು ಮತ್ತ?”

ದೊಡ್ಡವ್ವ ಮಾತ್ರ ನಗಲಿಲ್ಲ. ಅವಳ ಬೆರಳು ಚಿತ್ರದಲ್ಲಿದ್ದ ತೋಳದ ಮೇಲಿತ್ತು. “ಇಂವಗೂ ಹೊತ್ತಿಗೆ ಸರಿಯಾಗಿ ಕೂಳ ಹಾಕತಾರೇನ?” ಎಂದು ಕೇಳಿದಳು.

“ಹಾಕತಾರ.”

“ಏನ ಹಾಕತಾರ?”

“ಬಾಡು.”

“ಯಾರ ಮನೀ ಕುರಿದು?”

ಅದು ಪುಸ್ತಕದಲ್ಲಿ ಇರಲಿಲ್ಲ. ಸಿಟ್ಟು ಬಂದು, ಬರೀರಿ ಸುಮ್ನ, ತಲಿ ತಿನ್ನಬ್ಯಾಡ್ರಿ ಎಂದು ಗದರಿದೆ. ಏಳು ಅಕ್ಷರವನ್ನು ಎಲ್ಲರೂ ಕಲಿತರು. ಕಲಿಯುವವರೆಗೆ ನಾನು ಬಿಡಲಿಲ್ಲ.

ಪರೀಕ್ಷೆಗೆ ಒಂದು ವಾರ ಇದ್ದಾಗ ಹೆಡ್ ಮಾಸ್ತರರು ತಾಲೀಮು ನೋಡಲು ಪೌಳಿಗೆ ಬಂದರು. ಕೊನೆಯ ಪಾಠ ಓದಿ ಎಂದು ಮುಧೋಳದವಳಿಗೆ ಹೇಳಿದರು. ಅವಳು ಎದ್ದು ನಿಂತು ನೀಟಾಗಿ ಓದಿದಳು. “ಇಲ್ಲಿ ಹುಲಿ ಇದೆ. ಇಲ್ಲಿ ಸಿಂಹ ಇದೆ. ಇಲ್ಲಿ” ಎಂದವಳೇ ಬೆರಳಿನಿಂದ ಪುಸ್ತಕದ ಮೇಲೆ ಎರಡು ಸಲ ಟಕ್ ಟಕ್ ಎಂದು ಬಡಿದಳು, “ಇದೆ” ಎಂದು ಮುಂದೆ ಹೋದಳು. ಮಾಸ್ತರರು ಇನ್ನೊಬ್ಬಳಿಗೆ ಹೇಳಿದರು. ಅವಳೂ ಟಕ್ ಟಕ್. ಮೂರನೆಯವಳೂ ಹಾಗೆಯೇ.

“ಇದೇನ್ರೀ ಇದು, ಟಕ್ ಟಕ್?” ಎಂದರು ಮಾಸ್ತರರು.

“ಬಾಯಾರು ಹಂಗ ಕಲಿಸ್ಯಾರ್ರೀ” ಎಂದಳು ಅವಳು. ವರ್ಗದಲ್ಲಿ ನನ್ನನ್ನು ಎಲ್ಲರೂ ಬಾಯಾರು ಅನ್ನುತ್ತಿದ್ದರು.

ನನ್ನ ಕೈಯಲ್ಲಿದ್ದ ಕೋಲು ನೋಡಿಕೊಂಡೆ. ಖರೇ, ನಾನೇ ಹಾಗೆ ಕಲಿಸಿದ್ದೆ. ಹಲಗೆಯ ಮೇಲೆ ಒಂದೊಂದೇ ಶಬ್ದ ತೋರಿಸಿ ಓದುತ್ತ ಬಂದವಳು, ಆ ಒಂದು ಶಬ್ದ ಬಂದಾಗ ಬಾಯಿ ಮುಚ್ಚಿ ಕೋಲಿನಿಂದ ಎರಡು ಸಲ ಬಡಿದು ಮುಂದೆ ಹೋಗಿದ್ದೆ. ಒಂದು ದಿನವಲ್ಲ, ದಿನಾಲೂ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಇದಕ್ಕೆ ಕಾರಣ ಹೇಳಬೇಕು. ನಮ್ಮ ಮಂದಿ ಕುರಿ ಹೊಡೆದುಕೊಂಡು ಅಡವಿಗೆ ಹೋಗಿದ್ದಾಗ, ಮನೆಯಲ್ಲಿ ಉಳಿದ ಹೆಂಗಸರು ತೋಳದ ಹೆಸರು ಹೇಳುವುದಿಲ್ಲ. ಹೇಳಿದರೆ ಕರೆದಂತೆ. ‘ಅಂವ’ ಎನ್ನುತ್ತೇವೆ, ಇಲ್ಲವೇ ಸುಮ್ಮನಿರುತ್ತೇವೆ. ಗಂಡಸರು ಕುರಿಯೊಂದಿಗೆ ಮರಳಿ ಬಂದ ಮೇಲೆ ಯಾವ ಅಡ್ಡಿಯೂ ಇಲ್ಲ, ಬೇಕಾದಷ್ಟು ಸಲ ಹೆಸರು ಹಿಡಿದು ಬೈಯಬಹುದು. ಇದನ್ನು ನನಗೆ ಯಾರೂ ಕೂಡಿಸಿ ಕಲಿಸಿರಲಿಲ್ಲ. ಹಾಲು ಕುಡಿದ ಹಾಗೆ ಒಳಗೆ ಹೋಗಿತ್ತು.

ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಧಾರವಾಡದ ಕಡೆಯವರು, ಕುರಿಯನ್ನು ದೂರದಿಂದ ಮಾತ್ರ ಕಂಡವರು. ಹಾಗಾದರೆ ಮರಾಠಿಯಲ್ಲಿ ಲಾಂಡಗಾ ಅನ್ನಲಿ, ಇಲ್ಲವೇ ಸಂಸ್ಕೃತದಲ್ಲಿ ವೃಕ ಅನ್ನಲಿ ಎಂದರು. “ಯಾವ ಭಾಷಾದಾಗ ಕರದ್ರೂ ಅಂವಗ ಕೇಳಸ್ತೈತ್ರಿ” ಎಂದಳು ದೊಡ್ಡವ್ವ. ಪುಸ್ತಕದಲ್ಲಿದ್ದುದನ್ನು ಓದದಿದ್ದರೆ ನಾಪಾಸು, ನೀನೇ ಸರಿಮಾಡು ಎಂದು ನನಗೆ ಹೇಳಿ ಮಾಸ್ತರರು ಹೋದರು.

ಅವತ್ತು ನಾನು ಬಾಯಿಗೆ ಬಂದಂತೆ ಮಾತಾಡಿದೆ. ಮೂಢರು, ಅಡವಿ ಮಂದಿ, ನಿಮ್ಮನ್ನು ಕಟ್ಟಿಕೊಂಡು ನನ್ನ ಬಾಳು ಹಾಳಾಯಿತು ಎಂದೆಲ್ಲ. ಎಲ್ಲರೂ ತಲೆ ತಗ್ಗಿಸಿ ಕೂತರು. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು.

“ಆತವ್ವ” ಎಂದಳು. “ನೀ ಶಾಣ್ಯಾಕಿ, ಮುಲ್ಕಿ ಪಾಸ್ ಆದಾಕಿ. ಮೊದಲ ನೀ ಅನ್ನು. ನಿಮ್ಮಪ್ಪನೂ ಅಲ್ಲೇ ಹೊಳೀದಂಡ್ಯಾಗ ಮಲಗ್ಯಾನ. ನೀ ಅಂದ್ರ ನಾ ಅಂತೀನಿ.”

ಅನ್ನುತ್ತೇನೆ ಎಂದು ಬಾಯಿ ತೆರೆದೆ. ಎರಡೇ ಅಕ್ಷರ. ಅಪ್ಪನ ಕಂಬಳಿ, ಅವನು ಒರಗುವ ಕೋಲು, ಅವನ ಸುತ್ತ ಮಲಗಿದ ಕುರಿಗಳು ಕಣ್ಣ ಮುಂದೆ ಬಂದವು. ನನಗೆ ಆಗಲಿಲ್ಲ. ನಾಚಿಕೆಯಿಂದ ಅತ್ತುಬಿಟ್ಟೆ. ದೊಡ್ಡವ್ವ ಎದ್ದು ಬಂದು ನನ್ನ ಮೂಗು ತನ್ನ ಸೆರಗಿನಿಂದ ಒರೆಸಿ, “ಅಳಬ್ಯಾಡ. ಪಾಸ್ ಆಗೂದು ಅಂತೂ ಆಗೂದ. ಹ್ಯಾಂಗ ಅನ್ನೂದು ಆಮ್ಯಾಲ ನೋಡೂಣು” ಎಂದಳು.

ಸಾಹೇಬರು ಹೇಳಿದ ದಿನವೇ ಬಂದರು. ಜಮಖಂಡಿಯಿಂದ ಬನಹಟ್ಟಿಯವರೆಗೆ ಬಸ್ಸು, ಅಲ್ಲಿಂದ ನಮ್ಮೂರ ಗೌಡರ ಎತ್ತಿನ ಚಕ್ಕಡಿ. ತೆಳ್ಳಗಿನ, ಕನ್ನಡಕದ, ನಗದ ಮನುಷ್ಯ. ಪೌಳಿಯಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆದರು. ಪುಸ್ತಕ ಕೈಗೆ ಬಂದಲ್ಲಿ ತೆರೆಯುವುದು, ಓದಿಸುವುದು, ಪಾಟಿಯ ಮೇಲೆ ಎರಡು ಸಾಲು ಬರೆಸುವುದು, ಒಂದು ಅರ್ಥ ಕೇಳುವುದು. ಒಬ್ಬಳಿಗೆ ಬಾವಿಯ ಪಾಠ, ಒಬ್ಬಳಿಗೆ ಮಗ್ಗದ ಪಾಠ. ಒಂಬತ್ತು ಜನ ಪಾಸಾದರು. ನಾನು ಕಂಬಕ್ಕೆ ಆತು ನಿಂತು ಬೀರಪ್ಪನನ್ನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹತ್ತನೆಯವಳು ದೊಡ್ಡವ್ವ. ಸಾಹೇಬರು ಪುಸ್ತಕ ತೆರೆದರು. ಕೊನೆಯ ಪಾಠ.

ಅವಳು ಏಳು ಅಕ್ಷರವನ್ನು ಎಲ್ಲೂ ಎಡವದೆ ಓದಿದಳು. ಹುಲಿ ಓದಿದಳು, ಸಿಂಹ ಓದಿದಳು. ಆಮೇಲೆ ಓದು ನಿಲ್ಲಿಸಿದಳು. ಟಕ್ ಟಕ್ ಮಾಡಲಿಲ್ಲ, ನಾನು ಬೇಡವೆಂದಿದ್ದೆ.

“ಮುಂದ ಓದ್ರಿ” ಎಂದರು ಸಾಹೇಬರು.

“ಈ ಶಬ್ದ ಬಾಯಿಂದ ಅನ್ನಾಂಗಿಲ್ರಿ. ನನ್ನ ಮಗ ಕುರಿ ಸಂಗಾಟ ಅಡವ್ಯಾಗ ಅದಾನ.”

“ಓದಾಕ ಬರೂದಿಲ್ಲ ಅನ್ರಿ.”

“ಬರತೈತ್ರಿ. ಅನ್ನಾಂಗಿಲ್ಲ.”

ಸಾಹೇಬರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಆ ಲೇಖನಿ ಕಾಗದಕ್ಕೆ ತಾಗುವ ಮುಂಚೆ ದೊಡ್ಡವ್ವ ನೆಲದ ಮೇಲಿದ್ದ ಪಾಟಿ ಎತ್ತಿಕೊಂಡಳು. ನಮ್ಮ ಮನೆತನದಲ್ಲಿ ಬಾಯಿಗೆ ನೇಮವಿತ್ತು, ಕೈಗೆ ಯಾವ ನೇಮವೂ ಇರಲಿಲ್ಲ. ಯಾಕೆಂದರೆ ನೇಮ ಮಾಡಿದ ಕಾಲದಲ್ಲಿ ಯಾವ ಹೆಂಗಸಿನ ಕೈಯೂ ಬರೆಯುತ್ತಿರಲಿಲ್ಲ. ಇದು ನನಗೆ ಹೊಳೆದಿರಲಿಲ್ಲ, ಅವಳಿಗೆ ಹೊಳೆದಿತ್ತು. ಪಾಟಿಯ ತುಂಬ ದೊಡ್ಡದಾಗಿ ಎರಡು ಅಕ್ಷರ ಬರೆದು ಸಾಹೇಬರ ಮುಖದ ಮುಂದೆ ಹಿಡಿದಳು.

“ಇದೇನ ಐತಿ ನೋಡ್ರಿ” ಎಂದಳು.

“ತೋಳ” ಎಂದರು ಸಾಹೇಬರು.

ಒಂಬತ್ತೂ ಹೆಂಗಸರು ಕಿವಿ ಮುಚ್ಚಿಕೊಂಡರು. ದೊಡ್ಡವ್ವ ಪಾಟಿಯನ್ನು ಅಂಗೈಯಿಂದ ಒರೆಸಿಬಿಟ್ಟಳು. “ನೀವ ಅಂದ್ರಿ. ನಿಮ್ಮವು ಕುರಿ ಇಲ್ಲ, ನಿಮಗೇನು ಅಡ್ಡಿ ಇಲ್ಲ. ನಾ ಬರದಿದ್ದು ನಿಮಗ ಓದಾಕ ಬಂತಂದ್ರ ನನಗ ಅಕ್ಷರ ಬರತಾವಂತ ಆತಿಲ್ರೀ?”

ಸಾಹೇಬರು ಲೇಖನಿಯನ್ನು ಕೆಳಗಿಟ್ಟರು. ಆಮೇಲೆ ಪ್ರಾಣಿಸಂಗ್ರಹಾಲಯದ ಅರ್ಥ ಕೇಳಿದರು. ಚೀಟಿಯ ಅರ್ಥ ಅವಳಿಗೆ ಬಾಯಿಪಾಠವಿತ್ತು. ಅವಳು ಅದನ್ನು ಹೇಳಲಿಲ್ಲ.

“ನಮ್ಮ ಹಟ್ಟ್ಯಾಗ ಕುರಿ ಒಳಗಿರತಾವ, ಇಂವ ಹೊರಗ ತಿರಗತಿರತಾನ. ಅಲ್ಲಿ ಇಂವ ಒಳಗ, ಮಂದಿ ಹೊರಗ ನಿಂತು ನೋಡತಾರ. ಅಂಥಾ ಹಟ್ಟಿರಿ ಅದು.”

ಅವರು ‘ಪಾಸ್’ ಎಂದು ಬರೆದರು. ಅಷ್ಟರಲ್ಲಿ ಸಾಹೇಬರು ನನ್ನ ಕಡೆ ತಿರುಗಿ, “ಬಾಯಾರ, ನೀವು ಈ ಶಬ್ದ ಹ್ಯಾಂಗ ಕಲಿಸಿದ್ರಿ?” ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಹತ್ತು ಜನ ನನ್ನನ್ನೇ ನೋಡುತ್ತಿದ್ದರು. “ಕೋಲಿನಿಂದ ಹಲಿಗಿಗೆ ಬಡದು ಕಲಿಸೀನ್ರಿ. ಬಾಯಿಂದ ಅಂದಿಲ್ಲ. ನಮ್ಮಪ್ಪನೂ ಅಲ್ಲೇ ಅದಾನ್ರಿ” ಎಂದೆ.

“ಕಲಿಯವ್ರು ಅನ್ನದಿದ್ರ ನಡೀತದ. ಕಲಿಸವ್ರು ಅನ್ನದಿದ್ರ ನಡಿಯಂಗಿಲ್ಲ. ಈಗ ಓದ್ರಿ, ನಿಮ್ಮ ಶಿಫಾರಸು ಬರೀತೀನಿ.”

ಪುಸ್ತಕ ನನ್ನ ಕೈಗೆ ಬಂತು. ಅವರ ಮೊಣಕಾಲಿನ ಮೇಲೆ ಕಾಗದವಿತ್ತು, ಅದರಲ್ಲಿ ನನ್ನ ಹೆಸರಿತ್ತು. ನಾನು ಬದುಕಿನಲ್ಲಿ ಬೇಡಿದ್ದೆಲ್ಲ ಆ ಒಂದು ಕಾಗದದಲ್ಲಿತ್ತು. ಪುಸ್ತಕ ಮುಚ್ಚಿದೆ.

“ಈಗ ಓದೂದಿಲ್ರಿ. ನಮ್ಮಪ್ಪ ಬಂದ ಮ್ಯಾಲ ಜಮಖಂಡಿಗೆ ನಾನ ಬಂದು ಓದತೀನಿ.”

“ಮೇ ಆಖೇರಿಗೆ ಪಟ್ಟಿ ಹೋಗತದ. ನಿಮ್ಮ ಸಲುವಾಗಿ ನಿಲ್ಲೂದಿಲ್ಲ” ಎಂದು ಅವರು ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ದಿನಾ ಸಂಜೆ ಊರ ಹೊರಗಿನ ದಿಬ್ಬಕ್ಕೆ ಹೋಗಿ ಬೀಳಗಿಯ ದಿಕ್ಕಿಗೆ ಕಣ್ಣು ನೆಟ್ಟು ನಿಲ್ಲುತ್ತಿದ್ದೆ. ಅವ್ವ ಬೈದಳು, ದೊಡ್ಡವ್ವ ನನ್ನ ಜತೆ ಬಂದು ನಿಂತಳು. ಪಟ್ಟಿ ಹೋಗಲು ಎರಡು ದಿನ ಉಳಿದಿದ್ದಾಗ ದಿಗಂತದಲ್ಲಿ ಧೂಳು ಕಂಡಿತು. ಮುಂದೆ ದೊಡ್ಡವ್ವನ ಮಗ, ಹಿಂದೆ ನಡೆದು ದಣಿದು ಕುಂಟುತ್ತ ಅಪ್ಪ.

ಎರಡು ಮರಿ ತೋಳದ ಬಾಯಿಗೆ ಹೋಗಿದ್ದವು. ಯಾವತ್ತು ಎಂದು ದೊಡ್ಡವ್ವ ಕೇಳಿದಳು. ಅಪ್ಪ ಲೆಕ್ಕ ಹಾಕಿ ಹೇಳಿದ: ಪರೀಕ್ಷೆಯಾದ ಮರುದಿನ ರಾತ್ರಿ. ಓಣಿಯ ಹೆಂಗಸರು ನನ್ನ ಕಡೆ ನೋಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು. ಅವತ್ತು ನಾನು ಬಾಯಿ ಬಿಟ್ಟಿದ್ದರೆ ಆ ಎರಡು ಮರಿಗಳನ್ನು ಸಾಯುವವರೆಗೆ ಹೊತ್ತು ತಿರುಗಬೇಕಾಗುತ್ತಿತ್ತು. ನಂಬುತ್ತೀಯೋ ಇಲ್ಲವೋ ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ಮರುದಿನ ಬೆಳಗ್ಗೆ ಅಪ್ಪನನ್ನು ಕರೆದುಕೊಂಡು ಜಮಖಂಡಿಗೆ ಹೋದೆ. ಕಚೇರಿಯ ಪಡಸಾಲೆಯಲ್ಲಿ ಅವನು ಕಂಬಳಿ ಹಾಸಿಕೊಂಡು ಕುಳಿತ. ಸಾಹೇಬರು ನನ್ನನ್ನು ನೋಡಿದವರೇ ಮೇಜಿನ ಖಾನೆಯಿಂದ ಆ ಕಾಗದ ತೆಗೆದು ಮುಂದಿಟ್ಟುಕೊಂಡರು. ನಾನು ನಿಂತುಕೊಂಡೇ ಪುಸ್ತಕ ತೆರೆದೆ. “ಇದು ಪ್ರಾಣಿಸಂಗ್ರಹಾಲಯ” ಎಂದು ಶುರುಮಾಡಿದೆ. ಹುಲಿ ಆಯಿತು. ಸಿಂಹ ಆಯಿತು. ಆಮೇಲೆ ಆ ಎರಡು ಮರಿಗಳು ನೆನಪಾದವು.

“ಇಲ್ಲಿ ತೋಳ ಇದೆ” ಎಂದೆ. ಎಷ್ಟು ಜೋರಾಗಿ ಎಂದರೆ ಪಕ್ಕದ ಕೋಣೆಯ ಕಾರಕೂನರು ಬಾಗಿಲಿಗೆ ಬಂದರು, ಪಡಸಾಲೆಯಲ್ಲಿ ಅಪ್ಪ ಎದ್ದು ನಿಂತ. ಸಾಹೇಬರು “ಸಾಕು, ಬಾಯಾರ” ಎಂದು ಲೇಖನಿ ಎತ್ತಿಕೊಂಡರು. ನಾನು ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೆ ಓದಿದೆ, ಅವರು ಲೇಖನಿ ಹಿಡಿದುಕೊಂಡು ಪಾಠ ಮುಗಿಯುವವರೆಗೆ ಕಾದರು.